ಮೈಗೆ ಹಚ್ಚುವ ಎಣ್ಣೆ ಯಾವುದು?

ದಿನ ತುಂಬದೆ ಹುಟ್ಟಿದ ಮಗುವಿನ ಚರ್ಮ ಬಲಿತಿರುವುದಿಲ್ಲ. ಮೈಯೊಳಗಿನ ನೀರು ಆವಿಯಾಗಿ ಹೊರಟುಹೋಗುತ್ತದೆ, ಹೊರಗಿನ ರೋಗಾಣು ಸುಲಭವಾಗಿ ಒಳಸೇರುತ್ತದೆ. ಢಾಕಾ ಶಿಶು ಆಸ್ಪತ್ರೆಯಲ್ಲಿ 33 ವಾರ ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗೆ ದಿನವೂ ಸೂರ್ಯಕಾಂತಿ ಎಣ್ಣೆ ಸವರಿದಾಗ, ಆಸ್ಪತ್ರೆಯಲ್ಲಿ ತಗಲುವ ಸೋಂಕು 41%ರಷ್ಟು ಕಡಿಮೆಯಾಯಿತು. ಈ ವರದಿ 2005ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಅಗ್ಗದ ಅಡುಗೆ ಎಣ್ಣೆಯೊಂದು ಇಷ್ಟು ಮಾಡಬಲ್ಲದು ಎಂಬುದು ಬಡವರ ಆಸ್ಪತ್ರೆಗಳ ಮಟ್ಟಿಗೆ ದೊಡ್ಡ ಸುದ್ದಿಯೆಂದೇ ನಾನು ತಿಳಿದಿದ್ದೇನೆ.

ಹಾಗೆಂದು ಯಾವ ಎಣ್ಣೆಯಾದರೂ ಆದೀತೇ? ಆಗದು. ಇದಕ್ಕೂ ಮೊದಲು, 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಲಿಗಳ ಚರ್ಮದ ಮೇಲ್ಪದರವನ್ನು ಕೆಡಿಸಿ ಬೇರೆಬೇರೆ ಎಣ್ಣೆ ಹಚ್ಚಿ ನೋಡಿದ್ದರು. ಸೂರ್ಯಕಾಂತಿ ಎಣ್ಣೆ ಬಿದ್ದಲ್ಲಿ ಚರ್ಮ ಬೇಗ ಸುಧಾರಿಸಿತು. ಬಾಂಗ್ಲಾದೇಶ, ಉತ್ತರ ಭಾರತದ ತಾಯಂದಿರು ಕೂಸಿಗೆ ತಿಕ್ಕುವ ಸಾಸಿವೆ ಎಣ್ಣೆ ಬಿದ್ದಲ್ಲಿ ತಡವಾಯಿತು. ಆಲಿವ್ ಎಣ್ಣೆಯದೂ ಅದೇ ಕತೆ.

ಕಾರಣ ಚರ್ಮದ ರಚನೆಯಲ್ಲಿದೆ. ನಮ್ಮ ಹೊರಪದರ ಬಹುತೇಕ ಕಡೆ ತಲೆಗೂದಲಿಗಿಂತಲೂ ತೆಳು. ಅದರಲ್ಲಿ ಸತ್ತ ಜೀವಕೋಶಗಳು ಇಟ್ಟಿಗೆಗಳಂತೆ ಕೂತಿವೆ. ನಡುವಿನ ಗಾರೆಯೇ ಕೊಬ್ಬು. ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲಗಳು ಸೇರಿ ಆದ ಆ ಗಾರೆ ಗಟ್ಟಿಯಾಗಿದ್ದರೆ ನೀರು ಒಳಗೆ ಉಳಿಯುತ್ತದೆ. ಅದರ ಒಂದು ಮುಖ್ಯ ಸೆರಮೈಡ್‌ಗೆ ಲಿನೋಲಿಕ್ ಆಮ್ಲ ಬೇಕೇಬೇಕು. ನಮ್ಮ ದೇಹ ಅದನ್ನು ತಯಾರಿಸಲಾರದು. 1929ರಲ್ಲಿ ಅಮೆರಿಕದ ಬರ್ ದಂಪತಿ ಕೊಬ್ಬಿಲ್ಲದ ಆಹಾರ ಕೊಟ್ಟು ಸಾಕಿದ ಇಲಿಗಳ ಚರ್ಮ ಹೊಟ್ಟುಹೊಟ್ಟಾಗಿ ಎದ್ದಿತ್ತು. ಈ ಆಮ್ಲ ಊಟದಿಂದಲೇ ಬರಬೇಕೆಂದಿಲ್ಲ. ಮೇಲೆ ಹಚ್ಚಿದ ಎಣ್ಣೆಯಿಂದಲೂ ಚರ್ಮ ಅದನ್ನು ಪಡೆಯಬಲ್ಲದು. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಅದು ಹೇರಳ.

ಎಣ್ಣೆಗಳಲ್ಲಿರುವ ಇನ್ನೊಂದು ಕೊಬ್ಬಿನಾಮ್ಲವಾದ ಓಲಿಕ್ ಆಮ್ಲದ ಸ್ವಭಾವ ಬೇರೆ. ಅದು ಗಾರೆಯ ಜೋಡಣೆಯನ್ನು ಸಡಿಲಿಸುತ್ತದೆ. ಔಷಧವನ್ನು ಚರ್ಮದ ಮೂಲಕ ಒಳಗೆ ಇಳಿಸಲು ಔಷಧ ತಯಾರಕರು ಇದೇ ಗುಣವನ್ನು ಬಳಸಿಕೊಳ್ಳುತ್ತಾರೆ. ಆಲಿವ್ ಎಣ್ಣೆಯಲ್ಲಿ ಓಲಿಕ್ ಸುಮಾರು 70%. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸ್ವಯಂಸೇವಕರ ಮುಂಗೈಗೆ ಕೆಲವು ವಾರ ಆಲಿವ್ ಎಣ್ಣೆಯ ಹನಿ ಸವರಿದಾಗ, ಚರ್ಮರೋಗವೇ ಇಲ್ಲದವರಲ್ಲೂ ಹೊರಪದರ ದುರ್ಬಲವಾಗಿ ತುಸು ಕೆಂಪೇರಿತು. ಕೈಗೆ ನುಣುಪೆನಿಸಿದ್ದೆಲ್ಲ ಚರ್ಮಕ್ಕೆ ಹಿತವೆಂದು ನಂಬುವುದು ತಪ್ಪು.

ನಮ್ಮಲ್ಲಿಯ ಎಣ್ಣೆಗಳಿಗೆ ಬಂದರೆ, ಉತ್ತರ ಕರ್ನಾಟಕದ ಕುಸುಬೆ ಎಣ್ಣೆಯಲ್ಲಿ ಲಿನೋಲಿಕ್ ಸುಮಾರು 75%. ಎಳ್ಳೆಣ್ಣೆಯಲ್ಲಿ ಎರಡೂ ಆಮ್ಲಗಳು ಹೆಚ್ಚುಕಡಿಮೆ ಸಮ. ಕೊಬ್ಬರಿ ಎಣ್ಣೆ ಈ ಲೆಕ್ಕಕ್ಕೇ ಸಿಗುವುದಿಲ್ಲ. ಅದರ ಅರ್ಧದಷ್ಟು ಲಾರಿಕ್ ಆಮ್ಲ. 2004ರಲ್ಲಿ ಫಿಲಿಪೀನ್ಸ್‌ನ ವೈದ್ಯರು ಒಣಚರ್ಮದವರ ಮೇಲೆ ಪರೀಕ್ಷಿಸಿದಾಗ ಅದು ಮಿನರಲ್ ಆಯಿಲ್‌ನಷ್ಟೇ ಚೆನ್ನಾಗಿ ಕೆಲಸ ಮಾಡಿತು.

ಲೆಕ್ಕ ಇಷ್ಟು ಸರಳವೂ ಅಲ್ಲ. ಲಿನೋಲಿಕ್ ಸಾಕಷ್ಟಿರುವ ಸೋಯಾ ಎಣ್ಣೆ 2002ರ ಪ್ರಯೋಗದ ಇಲಿಗಳಲ್ಲಿ ಚೇತರಿಕೆಯನ್ನು ತಡಮಾಡಿತ್ತು. ಮ್ಯಾಂಚೆಸ್ಟರ್‌ನಲ್ಲಿ ದಿನ ತುಂಬಿ ಹುಟ್ಟಿದ ಶಿಶುಗಳಿಗೆ ಎಣ್ಣೆ ಹಚ್ಚಿ ನೋಡಿದಾಗ, ಆಲಿವ್ ಮಾತ್ರವಲ್ಲ, ಸೂರ್ಯಕಾಂತಿ ಎಣ್ಣೆ ಕೂಡ ಗಾರೆ ಒಪ್ಪವಾಗಿ ಕೂರುವುದಕ್ಕೆ ಅಡ್ಡಿಯಾಗಿತ್ತು. ಹೀಗಾಗಿ ಗಟ್ಟಿಮುಟ್ಟಾದ ಎಳೆಗೂಸಿಗೆ ಮೊದಲ ದಿನಗಳಲ್ಲೇ ಎಣ್ಣೆ ಹಚ್ಚಲು ಅವಸರಪಡಬೇಕಿಲ್ಲ. ಚರ್ಮ ಒಡೆದು ತುರಿಸುವ ಇಸುಬಿನ ಮಕ್ಕಳಿಗಂತೂ ಆಲಿವ್, ಸಾಸಿವೆ ಎಣ್ಣೆ ಬೇಡವೇ ಬೇಡ. ದೊಡ್ಡವರು ಒಣಚರ್ಮಕ್ಕೆಂದು ಸೂರ್ಯಕಾಂತಿ ಎಣ್ಣೆ ಕೊಳ್ಳುವಾಗ ಡಬ್ಬಿಯ ಚೀಟಿ ಓದಬೇಕು. 'ಹೈ ಓಲಿಕ್' ಎಂದಿದ್ದರೆ ಅದು ಬೇರೆ ತಳಿಯ ಬೀಜದ್ದು: ಕರಿಯಲು ಒಳ್ಳೆಯದು, ಆದರೆ ಅದರಲ್ಲಿ ಲಿನೋಲಿಕ್ ತೀರಾ ಕಡಿಮೆ.