‘ಥೆಫ್ಟ್’ ಎಂಬ ಮಾತು

‘ಥೆಫ್ಟ್’ ಎಂಬ ಇಂಗ್ಲಿಷ್ ಶಬ್ದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನಮ್ಮ ಜನಕ್ಕೆ ಹೊಸದೇನಲ್ಲ. ಠಾಣೆಗೆ ಒಮ್ಮೆ ಹೋಗಿ ಬಂದವರೆಲ್ಲ ‘ಥೆಫ್ಟ್ ಕೇಸು’ ಎನ್ನುತ್ತಾರೆ. ಕಳವು ಎಂದರಾಯಿತಲ್ಲ, ಇದರಲ್ಲಿ ತಿಳಿಯಬೇಕಾದದ್ದು ಏನಿದೆ ಎಂದು ಕೇಳುಗರಿಗೆ ಅನ್ನಿಸಬಹುದು. ಕಳವು ಎಂಬುದು ಸರಿಯಾದ ಅನುವಾದವೇ ಹೌದು. ಆದರೆ ಕಳವು ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವನು ಕಳ್ಳ. ಕಾಯಿದೆಯ ಕಣ್ಣು ಮೊದಲು ಬೀಳುವುದು ಜಾಗ ಬಿಟ್ಟು ಕದಲಿದ ವಸ್ತುವಿನ ಮೇಲೆ.

ಮೆಕಾಲೆಯ ಆಯೋಗ ನಮ್ಮ ದಂಡಸಂಹಿತೆಯ ಕರಡನ್ನು ಬರೆದಾಗ ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ನಡೆಯುತ್ತಿದ್ದ ಶಬ್ದ ‘ಲಾರ್ಸೆನಿ’. ನೂರಾರು ವರ್ಷಗಳ ತೀರ್ಪುಗಳಿಂದ ಅದು ಸಿಕ್ಕುಸಿಕ್ಕಾಗಿತ್ತು. ಕರಡಿನವರು ಅದನ್ನು ಬದಿಗಿಟ್ಟು ಆಡುಮಾತಿನ ‘ಥೆಫ್ಟ್’ ಅನ್ನು ಎತ್ತಿಕೊಂಡರು. 1860ರಲ್ಲಿ ಅಂಗೀಕೃತವಾದ ಸಂಹಿತೆ 1862ರ ಜನವರಿ 1ರಿಂದ ಜಾರಿಗೆ ಬಂತು. ಇಂಗ್ಲೆಂಡು ತನ್ನ ಲಾರ್ಸೆನಿಯನ್ನು ಬಿಟ್ಟು ಥೆಫ್ಟ್‌ಗೆ ಬಂದದ್ದು 1968ರ ಕಾಯಿದೆಯಿಂದ. ಅಂದರೆ ನಮಗಿಂತ ಒಂದು ಶತಮಾನ ತಡವಾಗಿ! 2024ರ ಜುಲೈ 1ರಿಂದ ಹಳೆಯ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 378ನೆಯ ಕಲಮು 303 ಆಯಿತು. ವ್ಯಾಖ್ಯೆ ಮಾತ್ರ ಹಳೆಯದೇ.

ಆ ವ್ಯಾಖ್ಯೆ ಹೇಳುವುದಿಷ್ಟು: ಚರವಸ್ತುವೊಂದು ಇನ್ನೊಬ್ಬರ ಸ್ವಾಧೀನದಲ್ಲಿರಬೇಕು; ಅವರ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ, ಅದನ್ನು ಒಯ್ಯುವುದಕ್ಕಾಗಿ ಕದಲಿಸಬೇಕು. ‘ಕದಲಿಸಬೇಕು’ ಎಂಬ ಮಾತನ್ನು ಗಮನಿಸಿ. ಮನೆಗೆ ಒಯ್ದು ಬಚ್ಚಿಡಬೇಕೆಂದಿಲ್ಲ. ಹೆಡೆ ಬಿಚ್ಚಿ ನಿಂತ ಜೋಳದ ಪೈರು, ಹಡಗಲಿಯ ತೋಟದ ಮಲ್ಲಿಗೆ ಮೊಗ್ಗು, ಹೊಲದಂಚಿನ ಹುಣಸೆ, ಇವೆಲ್ಲ ನೆಲಕ್ಕೆ ಅಂಟಿರುವಷ್ಟು ಹೊತ್ತು ಚರವಸ್ತುಗಳಲ್ಲ. ಕೆಟ್ಟ ಬುದ್ಧಿಯಿಂದ ಮೊಗ್ಗನ್ನು ಚಿವುಟಿದ ಗಳಿಗೆಯಲ್ಲೇ ಅದು ಚರವಸ್ತುವೂ ಆಯಿತು, ಥೆಫ್ಟೂ ಆಯಿತು. ಕಾಯಿದೆಯೊಳಗಿನ ಒಂದು ದೃಷ್ಟಾಂತವಂತೂ ನಮ್ಮ ಬಯಲುಸೀಮೆಯದೇ ಎನ್ನಿಸುವಂತಿದೆ: ಧನದ ಪೆಟ್ಟಿಗೆ ಹೊತ್ತ ಎತ್ತೊಂದು ಎದುರಾಗುತ್ತದೆ, ಒಬ್ಬನು ಪೆಟ್ಟಿಗೆಯ ಆಸೆಯಿಂದ ಅದನ್ನು ತನಗೆ ಬೇಕಾದ ಕಡೆಗೆ ಅಟ್ಟುತ್ತಾನೆ. ಎತ್ತು ಹೆಜ್ಜೆ ಕಿತ್ತೊಡನೆ ಪೆಟ್ಟಿಗೆಯ ಥೆಫ್ಟ್ ನಡೆದಂತೆ.

ಎರಡನೆಯದಾಗಿ, ಕಾಯಿದೆ ಕೇಳುವುದು ಒಡೆತನವನ್ನಲ್ಲ, ಸ್ವಾಧೀನವನ್ನು. ಬಿತ್ತನೆಯ ಕಾಲಕ್ಕೆ ನಮ್ಮ ಕಡೆ ಎಷ್ಟೋ ಮನೆಗಳ ಚಿನ್ನ ಗಿರವಿ ಅಂಗಡಿ ಸೇರುತ್ತದೆ. ಸಾಲ ತೀರಿಸದೆ ಆ ಸರವನ್ನು ಅಂಗಡಿಯವನ ಕಣ್ಣುತಪ್ಪಿಸಿ ಎತ್ತಿಕೊಂಡು ಬಂದರೆ, ಸರ ನಿಮ್ಮದೇ ಆದರೂ ಅಪರಾಧ ಅಪರಾಧವೇ. ಅದೇ ದಾರಿಯಲ್ಲಿ ಬಿದ್ದಿದ್ದ, ಯಾರ ಸ್ವಾಧೀನದಲ್ಲೂ ಇಲ್ಲದ ಉಂಗುರವನ್ನು ಎತ್ತಿಕೊಂಡವನು ಬೇರೊಂದು ಕಲಮಿಗೆ ಸಿಕ್ಕಬಹುದು, ಥೆಫ್ಟಿಗೆ ಸಿಕ್ಕುವುದಿಲ್ಲ. ‘ನಾಳೆ ತಂದಿಡುತ್ತೇನೆ’ ಎಂಬುದೂ ನೆಪವಾಗದು. ರಾಜಸ್ಥಾನದ ನೌಕರನೊಬ್ಬ ಕಚೇರಿಯ ಕಡತವನ್ನು ಮನೆಗೊಯ್ದು ಸ್ನೇಹಿತನಿಗೆ ಕೊಟ್ಟು ಮರುದಿನ ಹಿಂದಿರುಗಿಸಿದ್ದ. ಅದೂ ಥೆಫ್ಟೇ ಎಂದು ಸುಪ್ರೀಂ ಕೋರ್ಟು 1962ರಲ್ಲಿ ಹೇಳಿತು. ತುಂಗಭದ್ರೆಯ ದಂಡೆಯ ಹಡಗಲಿ, ಹರಪನಹಳ್ಳಿಯವರು ಇನ್ನೊಂದು ತೀರ್ಪನ್ನೂ ನೆನಪಿಡಬೇಕು: ನದಿಯ ಮರಳನ್ನು ಅಪ್ಪಣೆಯಿಲ್ಲದೆ ತುಂಬಿ ಒಯ್ದವರ ಮೇಲೆ ಗಣಿ ಕಾಯಿದೆಯ ಜೊತೆಗೆ ಕಳವಿನ ಮೊಕದ್ದಮೆಯನ್ನೂ ಹೂಡಬಹುದೆಂದು ಅದೇ ನ್ಯಾಯಾಲಯ 2014ರಲ್ಲಿ ತೀರ್ಮಾನಿಸಿದೆ.

ಇಂಗ್ಲಿಷ್ ಬಲ್ಲವರೂ ಒಂದು ಕಡೆ ಎಡವುತ್ತಾರೆ. ‘ಸ್ಟೀಲ್’ ಎಂಬ ಕ್ರಿಯಾಪದಕ್ಕೆ ಕರ್ಮವಾಗುವುದು ಹೋದ ವಸ್ತು. ‘ರಾಬ್’ ಎಂಬುದಕ್ಕೆ ಕಳೆದುಕೊಂಡ ಮನುಷ್ಯ. ಬೀಗ ಹಾಕಿದ ಮನೆಗೆ ರಾತ್ರಿ ಕನ್ನ ಬಿದ್ದರೆ ‘ರಾಬರಿಯಾಯಿತು’ ಎಂದು ಅರ್ಜಿ ಬರೆಯುವವರಿದ್ದಾರೆ. ಎದುರಿಗೆ ಯಾರೂ ಇಲ್ಲದೆ, ಹೊಡೆತವಾಗಲಿ ಬೆದರಿಕೆಯಾಗಲಿ ಇಲ್ಲದೆ ರಾಬರಿ ಎಲ್ಲಿಯದು? ಐವರೋ ಹೆಚ್ಚು ಜನವೋ ಕೂಡಿ ಅಂಥ ಸುಲಿಗೆ ಮಾಡಿದರೆ ‘ಡೆಕಾಯಿಟಿ’. ಇದು ಇಂಗ್ಲಿಷಿನವರು ನಮ್ಮ ದೇಶದ ಡಕಾಯಿತಿಯನ್ನೇ ಎರವಲು ಪಡೆದು ನಮಗೇ ಹಿಂದಿರುಗಿಸಿದ ಶಬ್ದ. ಕೊಟ್ಟೂರಿನ ತೇರಿನ ನೂಕುನುಗ್ಗಲಿನಲ್ಲಿ ಯಾರಾದರೂ ಕೊರಳ ಸರಕ್ಕೆ ತಟ್ಟನೆ ಕೈಹಾಕಿ ಕಿತ್ತುಕೊಂಡು ಓಡಿದರೆ, ಅದಕ್ಕೆ ಹೊಸ ಸಂಹಿತೆ ‘ಸ್ನ್ಯಾಚಿಂಗ್’ ಎಂಬ ಪ್ರತ್ಯೇಕ ಹೆಸರನ್ನೂ 304ನೆಯ ಕಲಮನ್ನೂ ಕೊಟ್ಟಿದೆ.

ಥೆಫ್ಟ್ ಎಂಬುದು ಕೃತ್ಯದ ಹೆಸರು ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವುಂಟು. ಈ ವ್ಯಾಖ್ಯೆಯನ್ನು ಬರೆದ ಸರ್ಕಾರವೇ ಹನ್ನೊಂದು ವರ್ಷಗಳ ಬಳಿಕ, 1871ರಲ್ಲಿ, ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಿತು. 1911ರ ಕಾಯಿದೆಯೊಂದಿಗೆ ಅದು ಮದರಾಸು ಪ್ರಾಂತ್ಯಕ್ಕೂ ಬಂತು. ನಮ್ಮ ತಾಲ್ಲೂಕುಗಳಿದ್ದ ಬಳ್ಳಾರಿ ಜಿಲ್ಲೆ 1953ರವರೆಗೆ ಆ ಸೀಮೆಗೇ ಸೇರಿತ್ತು. ಉಪ್ಪು, ದವಸ ಹೇರಿಕೊಂಡು ಊರೂರು ತಿರುಗುತ್ತಿದ್ದ, ಬುಟ್ಟಿ ಹೆಣೆಯುತ್ತಿದ್ದ ಕೊರವರು ಅದರ ಪಟ್ಟಿಯಲ್ಲಿದ್ದರು. ನಮ್ಮ ಕಡೆ ಅವರನ್ನು ಕೊರಚರೆನ್ನುತ್ತಾರೆ. ಯಾವ ವಸ್ತು ಕದಲಿತು, ಯಾರ ಸ್ವಾಧೀನದಿಂದ, ಯಾವ ಉದ್ದೇಶದಿಂದ ಎಂಬ ಪ್ರಶ್ನೆಗಳು ಅಲ್ಲಿ ಏಳಲೇ ಇಲ್ಲ. ಹುಟ್ಟೇ ಸಾಕ್ಷಿಯಾಯಿತು. ಬೆರಳಚ್ಚು ಕೊಡಬೇಕು, ಠಾಣೆಯಲ್ಲಿ ಹಾಜರಿ ಹಾಕಬೇಕು. 1952ರಲ್ಲಿ ದೇಶದಾದ್ಯಂತ ಆ ಕಾಯಿದೆ ಹೋಯಿತು. ಆದರೂ ಕುರಿಯೊಂದು ತಪ್ಪಿಸಿಕೊಂಡರೆ ಇಂಥವರೇ ಇರಬೇಕು ಎನ್ನುವ ನಾಲಗೆ ಇನ್ನೂ ಹೋಗಿಲ್ಲ. ಅನುಮಾನವಿದ್ದರೆ ಕಾರಣ ಸಹಿತ ಬರೆಯಲಿ. ಜಾತಿಯ ಹೆಸರು ಕಾರಣವಲ್ಲ.

ದೂರಿನಲ್ಲಿ ಬರೆಯಬೇಕಾದ ಇನ್ನೊಂದು ಸಂಗತಿ ಬೆಲೆ. ಹೋದ ವಸ್ತು 5,000 ರೂಪಾಯಿಗಿಂತ ಕಡಿಮೆಯದಾದರೆ, ಮೊದಲ ಬಾರಿ ತಪ್ಪಿತಸ್ಥನಾದವನು ಅದನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದಾಗ ಹೊಸ ಸಂಹಿತೆಯಲ್ಲಿ ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಅಷ್ಟು ಕಡಿಮೆ ಬೆಲೆಯ ಕಳವನ್ನು ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಆದ್ದರಿಂದ ಮರಿ ಹೋದರೆ ‘ಒಂದು ಮರಿ’ ಎಂದಷ್ಟೇ ಬರೆದು ಬರಬೇಡಿ; ಅದರ ವಯಸ್ಸು, ಬಣ್ಣ, ಕಿವಿಯ ಗುರುತು, ಆ ವಾರದ ಸಂತೆಯ ಧಾರಣೆ ಎಲ್ಲವನ್ನೂ ಇದ್ದದ್ದು ಇದ್ದಂತೆ ಬರೆಯಿಸಿ, ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.