ಅಂಗಳದಲ್ಲೊಂದು ಹಕ್ಕಿಗಳ ಅರವಟಿಗೆ



ಬೇಸಿಗೆ ಬಂತೆಂದರೆ ದಾರಿಹೋಕರಿಗೆ ಅರವಟಿಗೆ ಇಡುವುದು ನಮ್ಮ ಹಿರಿಯರಿಂದ ಬಂದ ರೂಢಿ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ನೆಲ ನಮ್ಮದು. ಆ ಸೊನ್ನಲಿಗೆಯೇ ಇಂದಿನ ಸೋಲಾಪುರ. ಇವತ್ತು ನಾನು ಹೇಳಹೊರಟಿರುವುದು ಬಾಯಿಬಿಟ್ಟು ನೀರು ಕೇಳಲಾರದ ಜೀವಿಗಳ ಅರವಟಿಗೆಯ ವಿಷಯ. ಅಂಗಳದಲ್ಲೋ ಹಿತ್ತಲಲ್ಲೋ ಹಕ್ಕಿ, ಅಳಿಲು, ಜೇನುಹುಳಗಳಿಗೆ ನೀರಿಡಬೇಕಾದರೆ ಎಂಥ ಪಾತ್ರೆ ಆರಿಸಬೇಕು, ಎಲ್ಲಿಡಬೇಕು, ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

ನಾನು ಪಕ್ಷಿಶಾಸ್ತ್ರ ಓದಿದವನಲ್ಲ. ಮ್ಯಾಟ್ರಿಕ್ ಮುಗಿಸಿ ಬ್ಯಾಂಕು ಸೇರಿ, ಕೊನೆಯವರೆಗೂ ಕ್ಲಾರ್ಕನಾಗಿಯೇ ದುಡಿದವನು. ಈ ವಿಷಯವನ್ನು ತಪ್ಪು ಮಾಡಿಯೇ ಕಲಿತೆ. ಮೊದಲು ಆ ತಪ್ಪನ್ನೇ ಹೇಳಿಬಿಡುತ್ತೇನೆ.

2020ರಲ್ಲಿ ನಿವೃತ್ತನಾದ ಮೇಲೆ, ಅಕ್ಕಲಕೋಟೆಯ ನಮ್ಮ ಮನೆಯ ಹಿತ್ತಲಲ್ಲಿ ಒಂದು ತೊಟ್ಟಿ ಕಟ್ಟಿಸಿದೆ. ನಮ್ಮ ಕಡೆ ಅದಕ್ಕೆ ಹೌದ ಎನ್ನುತ್ತಾರೆ. ಮೂರು ಅಡಿ ಆಳ, ಒಳಗೆಲ್ಲ ನುಣುಪಾದ ನೀಲಿ ಟೈಲ್ಸು, ನಡುವೆ ಕಾರಂಜಿ. ಹಕ್ಕಿಗಳು ಸಾಲುಗಟ್ಟಿ ಬಂದಾವು ಎಂದು ಕುರ್ಚಿ ಹಾಕಿಕೊಂಡು ಕುಳಿತೆ. ಒಂದೂ ಬರಲಿಲ್ಲ. ಬಂದ ಕಾಗೆ ಅಂಚಿನ ಮೇಲೆ ಕುಳಿತು, ಬಗ್ಗಿ ನೋಡಿ, ನೀರು ಎಟುಕದೆ ಹಾರಿಹೋಯಿತು. ಎಂಟನೆಯ ದಿನ ಬೆಳಿಗ್ಗೆ ನೀರಿನ ಮೇಲೆ ಒಂದು ಅಳಿಲು ಸತ್ತು ತೇಲುತ್ತಿತ್ತು. ನೀರಡಿಸಿ ಇಳಿದದ್ದು, ನುಣುಪು ಗೋಡೆ ಹತ್ತಲಾರದೆ ಮುಳುಗಿತ್ತು. ನಮ್ಮ ಮನೆಯಾಕೆ ಅದನ್ನು ನೋಡಿ ಒಂದೇ ಮಾತು ಕೇಳಿದಳು: “ನೀವು ಹಕ್ಕಿಗೆ ನೀರ ಇಟ್ಟೀರೋ, ಬಾವಿ ತೋಡೀರೋ?”

ನನ್ನ ಬಳಿ ಉತ್ತರವಿರಲಿಲ್ಲ. ಅವಳು ಒಳಗೆ ಹೋಗಿ, ಅಟ್ಟದ ಮೇಲಿದ್ದ ಹಳೆಯ ಹಿತ್ತಾಳೆ ಪರಾತ ತಂದು ಬೇವಿನ ಗಿಡದ ಕೆಳಗಿಟ್ಟಳು. ನಡುವೆ ಒಂದು ಒರಟು ಕಲ್ಲಿಟ್ಟು ಎರಡು ಬೆರಳು ನೀರು ಹಾಕಿದಳು. ಅದೇ ಮಧ್ಯಾಹ್ನ ಗುಬ್ಬಿಗಳು ಬಂದವು. ನನ್ನ ಕಾರಂಜಿಗೆ ಖರ್ಚಾದ ಹಣದ ಲೆಕ್ಕ ನಾನು ಇಲ್ಲಿ ಹೇಳುವುದಿಲ್ಲ.

ಹಕ್ಕಿಗಳಿಗೆ ನೀರು ಯಾಕಿಷ್ಟು ಅವಶ್ಯ? ನಮ್ಮ ಹಾಗೆ ಅವಕ್ಕೆ ಬೆವರಿನ ಗ್ರಂಥಿಗಳಿಲ್ಲ. ಬಿಸಿಲಿನಲ್ಲಿ ಕಾಗೆ ಕೊಕ್ಕು ತೆರೆದು ತೇಕುವುದನ್ನು ನೀವು ಕಂಡಿರಬಹುದು. ಹಾಗೆ ತೇಕಿಯೇ ಅದು ಮೈ ತಂಪು ಮಾಡಿಕೊಳ್ಳಬೇಕು. ಪ್ರತಿ ಉಸಿರಿನೊಂದಿಗೆ ದೇಹದ ನೀರು ಆವಿಯಾಗಿ ಹೋಗುತ್ತದೆ. ಮೈ ಚಿಕ್ಕದಾದಷ್ಟೂ ಈ ನಷ್ಟ ಹೆಚ್ಚು. ಹುಳು ತಿನ್ನುವ ಹಕ್ಕಿಗೆ ಹುಳುವಿನಲ್ಲೇ ಒಂದಿಷ್ಟು ನೀರು ಸಿಗುತ್ತದೆ. ಆದರೆ ಒಣ ಕಾಳು ತಿನ್ನುವ ಗುಬ್ಬಿ, ಬೆಳವ, ಪಾರಿವಾಳಗಳು ದಿನಾಲೂ ಕುಡಿಯಲೇಬೇಕು. ನಮ್ಮ ಜಿಲ್ಲೆಯ ನಾನ್ನಜದ ಹುಲ್ಲುಬಯಲಿನಲ್ಲಿ ಸ್ಯಾಂಡ್‌ಗ್ರೌಸ್ ಎಂಬ ಹಕ್ಕಿ ಇದೆ. ಈ ಜಾತಿಯ ಗಂಡು ಹಕ್ಕಿ ತನ್ನ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಹಾರಿಹೋಗಿ ಮರಿಗಳಿಗೆ ಕುಡಿಸುತ್ತದೆ. ಬರಡು ನೆಲದಲ್ಲಿ ನೀರಿನ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ. ಕುಡಿಯುವುದಷ್ಟೇ ಅಲ್ಲ, ಗರಿಗಳ ಧೂಳು ತೊಳೆದುಕೊಳ್ಳಲು ಸ್ನಾನವೂ ಬೇಕು.

ಈಗ ಪಾತ್ರೆಯ ಆಯ್ಕೆಗೆ ಬರೋಣ. ಮೊದಲು ನೋಡಬೇಕಾದದ್ದು ಆಳ. ಗುಬ್ಬಿಯ ಹೊರಗೆ ಕಾಣುವ ಕಾಲು ಒಂದು ಇಂಚಿಗಿಂತ ಗಿಡ್ಡ. ಆದ್ದರಿಂದ ದಂಡೆಯಲ್ಲಿ ಅರ್ಧ ಇಂಚು, ನಡುವೆ ಹೆಚ್ಚೆಂದರೆ 2 ಇಂಚು ನೀರು ಸಾಕು. ಎರಡನೆಯದು ಇಳಿಜಾರು. ಹಕ್ಕಿ ದಂಡೆಯಿಂದ ನಿಧಾನವಾಗಿ ನಡೆದು ಇಳಿಯುವಂತಿರಬೇಕು. ಮೂರನೆಯದು ಒರಟುತನ. ಕಾಲು ಜಾರಬಾರದು. ಕಾಡುಪ್ರಾಣಿಗಳಿಗಾಗಿ ಅರಣ್ಯ ಇಲಾಖೆಯವರು ಒಣ ಕಾಡಿನಲ್ಲಿ ಕಟ್ಟುವ ಸಿಮೆಂಟಿನ ಪಾಣವಠಾಗಳನ್ನು ನೋಡಿ. ಅವೂ ಊಟದ ತಾಟಿನ ಹಾಗೆ ಅಗಲವಾಗಿ, ಇಳಿಜಾರಾಗಿಯೇ ಇರುತ್ತವೆ.

ಸಾಮಾನ್ಯ ಮನೆಗೆ ಎಲ್ಲಕ್ಕಿಂತ ಒಳ್ಳೆಯದು ಕುಂಬಾರರ ಕೈಯ ಅಗಲವಾದ ಮಣ್ಣಿನ ತಾಟು. ಹೂಕುಂಡದ ಕೆಳಗಿಡುವ ದೊಡ್ಡ ತಾಟಾದರೂ ನಡೆಯುತ್ತದೆ. ಮಣ್ಣಿನದು ಒರಟು, ನೀರೂ ತಂಪಾಗಿರುತ್ತದೆ. ನಮ್ಮ ಪರಾತ ಏಪ್ರಿಲ್ ಬರುತ್ತಲೇ ಬಿಸಿಲು ಬಿದ್ದಾಗ ಮುಟ್ಟದಷ್ಟು ಕಾಯತೊಡಗಿತು. ಆಗ ಅದನ್ನು ತೆಗೆದು ಮಣ್ಣಿನ ತಾಟು ಇಟ್ಟೆವು. ಪ್ಲಾಸ್ಟಿಕ್ ಬಟ್ಟಲು ಹಗುರ, ಕಾಗೆ ಕುಳಿತರೆ ಮಗುಚಿ ಬೀಳುತ್ತದೆ.

ಹಳ್ಳಿಯ ಮನೆಗಳಲ್ಲಿ ದನಗಳಿಗೆ ನೀರು ಕುಡಿಸುತ್ತಿದ್ದ ಕಲ್ಲುಬಾನಿ ಮೂಲೆ ಸೇರಿರಬಹುದು. ಅದನ್ನು ಎಸೆಯಬೇಡಿ. ಅರ್ಧದವರೆಗೆ ಕಲ್ಲು, ಹಂಚಿನ ಚೂರು ತುಂಬಿ ಒಂದು ಬದಿಯಲ್ಲಿ ಇಳಿಜಾರು ಮಾಡಿದರೆ ಅದಕ್ಕಿಂತ ಗಟ್ಟಿಯಾದ ಅರವಟಿಗೆ ಇನ್ನೊಂದಿಲ್ಲ.

ಮೂರನೆಯ ಬಗೆ, ತೊಟ್ಟಿಕ್ಕುವ ಗಡಿಗೆ. ಶಿವಲಿಂಗದ ಮೇಲೆ ತೂಗಬಿಟ್ಟ ಧಾರಾಪಾತ್ರೆಯನ್ನು ನೆನಪಿಸಿಕೊಳ್ಳಿ. ಅದೇ ರೀತಿ ಹಳೆಯ ಗಡಿಗೆಯ ತಳಕ್ಕೆ ಸಣ್ಣ ತೂತು ಹಾಕಿ, ಅರಿವೆಯ ಬತ್ತಿ ತೂರಿಸಿ, ತಾಟಿನ ಮೇಲೆ ಟೊಂಗೆಗೆ ಕಟ್ಟಬೇಕು. ಹನಿ ಬೀಳುವ ಸದ್ದು, ನೀರಿನ ಅಲುಗಾಟ ಹಕ್ಕಿಗಳನ್ನು ದೂರದಿಂದಲೇ ಕರೆಯುತ್ತವೆ. ಕಾರಂಜಿಯ ಕೆಲಸವನ್ನು ಈ ಗಡಿಗೆ ಕರೆಂಟಿಲ್ಲದೆ ಮಾಡುತ್ತದೆ.

ನೆಲದ ಮೇಲೆ ಚಿಕ್ಕ ಹೊಂಡ ಮಾಡಿದರೆ ಕಪ್ಪೆ, ಓತಿಕ್ಯಾತ, ಮುಂಗುಸಿಗಳೂ ಬರುತ್ತವೆ. ಆದರೆ ಕಪ್ಪೆ ಇದ್ದಲ್ಲಿಗೆ ಹಾವೂ ಬಂದೀತು. ಮಕ್ಕಳು ಓಡಾಡುವ ಬಾಗಿಲಿನಿಂದ ದೂರವಿರಲಿ. ಹೊಂಡದ ದಂಡೆಯಲ್ಲಿ ಒಂದಿಷ್ಟು ಹಸಿ ಮಣ್ಣು ಬಿಡಿ. ಪಾತರಗಿತ್ತಿಗಳು ಅಲ್ಲಿ ಕುಳಿತು ಮಣ್ಣಿನ ಉಪ್ಪಿನಂಶ ಹೀರುತ್ತವೆ. ಜೇನುಹುಳಗಳು ಗೂಡು ತಂಪು ಮಾಡಲು ನೀರು ಒಯ್ಯುತ್ತವೆ. ಅವು ಮುಳುಗದಂತೆ ಯಾವ ಪಾತ್ರೆಯಲ್ಲಾದರೂ ನೀರಿನಿಂದ ಮೇಲೆ ಕಾಣುವ ನಾಲ್ಕು ಕಲ್ಲುಗಳಿರಲಿ.

ಎಲ್ಲಿಡಬೇಕು? ನೆರಳಿನಲ್ಲಿ. ಒದ್ದೆ ಗರಿಯ ಹಕ್ಕಿ ಚೆನ್ನಾಗಿ ಹಾರಲಾರದು, ಆದ್ದರಿಂದ ಹತ್ತಿರದಲ್ಲಿ ಕೂಡಲು ಟೊಂಗೆ ಬೇಕು. ಆದರೆ ಬೆಕ್ಕು ಅಡಗುವಂಥ ಪೊದೆ 6-8 ಅಡಿಯಾದರೂ ದೂರವಿರಬೇಕು. ಬೆಕ್ಕಿನ ಕಾಟವಿದ್ದರೆ ತಾಟನ್ನು ಎತ್ತರದ ಕಲ್ಲಿನ ಮೇಲಿಟ್ಟು ಬುಡಕ್ಕೆ ಬಾರಿಮುಳ್ಳು ಸುತ್ತಿ. ಗುಬ್ಬಿಯ ನೀರಡಿಕೆ ತಣಿಸಲು ಹೋಗಿ ಬೆಕ್ಕಿನ ಹಸಿವು ತಣಿಸಬಾರದಲ್ಲ!

ಇನ್ನು ಸ್ವಚ್ಛತೆ. ಹಕ್ಕಿಯ ಹಿಕ್ಕೆ ಬಿದ್ದ ನೀರು ಹಕ್ಕಿಯಿಂದ ಹಕ್ಕಿಗೆ ರೋಗ ಹರಡುತ್ತದೆ. ಕಾಗೆಯಂತೂ ಒಣ ರೊಟ್ಟಿಯ ತುಣುಕು ತಂದು ನೀರಿನಲ್ಲಿ ನೆನೆಸಿಕೊಂಡು ತಿನ್ನುತ್ತದೆ. ಆದ್ದರಿಂದ ದಿನಾ ಬೆಳಿಗ್ಗೆ ನೀರು ಬದಲಿಸಬೇಕು. ಸೊಳ್ಳೆಯ ಮೊಟ್ಟೆ ಹುಳುವಾಗಿ, ಸೊಳ್ಳೆಯಾಗಿ ಹಾರಲು ವಾರ-ಹತ್ತು ದಿನ ಬೇಕು. ದಿನಾ ಚೆಲ್ಲುವ ನೀರಿನಲ್ಲಿ ಅದಕ್ಕೆ ಅವಕಾಶವಿಲ್ಲ. ಆದರೆ ಡೆಂಗ್ಯೂ ಹರಡುವ ಸೊಳ್ಳೆ ಪಾತ್ರೆಯ ಒಳಮೈಗೆ ಮೊಟ್ಟೆ ಅಂಟಿಸುತ್ತದೆ. ಪಾತ್ರೆ ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿರುತ್ತವೆ. ಎರಡು-ಮೂರು ದಿನಕ್ಕೊಮ್ಮೆ ತೆಂಗಿನ ನಾರಿನಿಂದ ಚೆನ್ನಾಗಿ ತಿಕ್ಕಿ ತೊಳೆಯಿರಿ. ಸಾಬೂನು ಬೇಡ. ನೀರಿಗೆ ಸಕ್ಕರೆ, ಉಪ್ಪು, ಔಷಧ ಯಾವುದನ್ನೂ ಬೆರೆಸುವುದು ಬೇಡ.

ಇನ್ನೊಂದು ಮಾತು. 2010ರಿಂದ ಮಾರ್ಚ್ 20ನ್ನು ವಿಶ್ವ ಗುಬ್ಬಚ್ಚಿ ದಿನವೆಂದು ಆಚರಿಸುತ್ತಾರೆ. ಅಂದು ಅನೇಕರು ಬಟ್ಟಲು ತೂಗುಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಸಂತೋಷ. ಆದರೆ ಏಪ್ರಿಲ್ ಬಿಸಿಲಿಗೆ ಅದೇ ಬಟ್ಟಲು ಒಣಗಿ ನಿಂತಿರುತ್ತದೆ. ನೀರಿನ ಜಾಗ ಹಕ್ಕಿಗೆ ನೆನಪಿರುತ್ತದೆ, ನಂಬಿ ಹಾರಿ ಬರುತ್ತದೆ. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ, ಒಮ್ಮೆ ಖಾತೆ ತೆರೆದ ಮೇಲೆ ನಡುವೆ ಮುಚ್ಚಬಾರದು.

“ನಮಗೇ ಟ್ಯಾಂಕರ್ ನೀರು, ಹಕ್ಕಿಗೆಲ್ಲಿಂದ ತರೋಣ?” ಎಂದು ನೀವು ಕೇಳಬಹುದು. ಸೊಲ್ಲಾಗದ ಪ್ರಶ್ನೆಯಲ್ಲ, ಸರಿಯಾದ ಪ್ರಶ್ನೆಯೇ. ಲೆಕ್ಕ ಮಾಡೋಣ. ಒಂದು ತಾಟಿಗೆ ದಿನಕ್ಕೆ 3 ಲೀಟರ್ ಎಂದು ಹಿಡಿಯಿರಿ. ಮಾರ್ಚ್ 1ರಿಂದ ಜೂನ್ 8ರವರೆಗೆ 100 ದಿನ. ಇಡೀ ಬೇಸಿಗೆಗೆ 300 ಲೀಟರ್, ಅಂದರೆ 200 ಲೀಟರಿನ ಬ್ಯಾರಲ್ ಒಂದೂವರೆ. ಹಳೆಯ ನೀರನ್ನು ಗಿಡದ ಬುಡಕ್ಕೆ ಚೆಲ್ಲಿದರೆ ಅದೂ ವ್ಯರ್ಥವಲ್ಲ.

1972ರ ಬರಗಾಲದಲ್ಲಿ ನಾನು ಹನ್ನೆರಡು ವರ್ಷದವನು. ಅವ್ವ ದೂರದ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದಳು. ಮುಖ ತೊಳೆಯಲು ನಮಗೆ ಅಳತೆಯ ನೀರು. ಆದರೂ ಕೊಡ ಇಳಿಸಿದ ಕೂಡಲೇ ಅರ್ಧ ತಂಬಿಗೆ ನೀರನ್ನು ಗಡಿಗೆಯ ಮುಚ್ಚಳಕ್ಕೆ ಹಾಕಿ ಗುಬ್ಬಿಗಳಿಗಿಡುತ್ತಿದ್ದಳು. ನಾನೊಮ್ಮೆ ಸಿಟ್ಟಿನಿಂದ, “ನಮಗ ಕುಡ್ಯಾಕ ಇಲ್ಲ, ಗುಬ್ಬಿಗ್ಯಾಕ?” ಎಂದೆ. ಅವ್ವ ನಕ್ಕು, “ಅದರ ಗಂಟಲಾ ಎಷ್ಟು ದೊಡ್ಡದೈತಪ್ಪಾ?” ಎಂದಳು. ನಾನು ಈಗ ಮಾಡಿದ ಲೆಕ್ಕವನ್ನು ಅವಳು ಅಂದೇ ಮಾಡಿದ್ದಳು.

ಕೊನೆಯದಾಗಿ ರೈತ ಬಾಂಧವರಿಗೆ ಒಂದು ವಿನಂತಿ. ನಮ್ಮ ಕಡೆಯ ಹೊಲಗಳಲ್ಲಿ ಈಗ ಶೇತತಳೆಗಳು, ಅಂದರೆ ಕೃಷಿಹೊಂಡಗಳು ಬಹಳ ಆಗಿವೆ. ಅವುಗಳೊಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ನನ್ನ ನೀಲಿ ಟೈಲ್ಸಿಗಿಂತ ಜಾರು. ನೀರಿಗೆ ಇಳಿದ ಮೊಲ, ನರಿ, ನಾಯಿ, ಒಮ್ಮೊಮ್ಮೆ ಮನುಷ್ಯರೂ ಮೇಲೆ ಹತ್ತಲಾರರು. ಹೊಂಡಕ್ಕೆ ಬೇಲಿ ಹಾಕಿ. ಮೂಲೆಗಳಲ್ಲಿ ಗಂಟು ಹಾಕಿದ ದಪ್ಪ ಹಗ್ಗವನ್ನೋ, ಒಂದಕ್ಕೊಂದು ಕಟ್ಟಿದ ಹಳೆಯ ಟೈರುಗಳನ್ನೋ ದಂಡೆಯಿಂದ ನೀರಿನವರೆಗೆ ಇಳಿಬಿಡಿ. ಬೇಲಿಯ ಹೊರಗೆ ಪ್ರಾಣಿಗಳಿಗೆಂದು ಒಂದು ಇಳಿಜಾರಿನ ಚಿಕ್ಕ ಹೊಂಡವಿದ್ದರೆ ಇನ್ನೂ ಒಳ್ಳೆಯದು.

ನನ್ನ ತೊಟ್ಟಿಯನ್ನು ನಾನು ಒಡೆಯಲಿಲ್ಲ. ಕಾರಂಜಿ ಕಿತ್ತು, ಮೂಲೆಯಿಂದ ಮೂಲೆಗೆ ಒರಟು ಕಲ್ಲುಗಳ ಇಳಿಜಾರು ಪೇರಿಸಿದೆ. ಮೇಲಿನ ಕಲ್ಲಿನ ಮೇಲೆ ಎರಡು ಬೆರಳು ನೀರು ನಿಲ್ಲುತ್ತದೆ. ಆಳ ಉಳಿದ ಕಡೆ ಸೊಳ್ಳೆಹುಳು ತಿನ್ನುವ ಗಪ್ಪಿ ಮೀನು ಬಿಟ್ಟಿದ್ದೇನೆ. ಅವು ಹೊರಗಿನಿಂದ ಬಂದ ಜಾತಿಯ ಮೀನು, ಕೆರೆ-ಹಳ್ಳಗಳಿಗೆ ಮಾತ್ರ ಬಿಡಬಾರದು. ಈಗ ಬೆಳಿಗ್ಗೆ ಪಿಕಳಾರ, ಗೊರವಂಕ, ಬೆಳವಗಳು ಬರುತ್ತವೆ. ಬೆಳವ ಕೊಕ್ಕು ಅದ್ದಿ ಒಂದೇ ಸಮನೆ ಹೀರುತ್ತದೆ, ಉಳಿದವು ಒಂದೊಂದು ಗುಟುಕಿಗೂ ತಲೆಯೆತ್ತುತ್ತವೆ. ಬಿಸಿಲೇರುವ ಹೊತ್ತಿಗೆ ಬೇವಿನ ಗಿಡದಿಂದ ಒಂದು ಅಳಿಲು ಇಳಿದು ಬಂದು, ಕಲ್ಲಿನ ಮೇಲೆ ಕುಳಿತು ನೀರು ಕುಡಿದು, ಬಂದ ದಾರಿಯಲ್ಲೇ ಹತ್ತಿ ಹೋಗುತ್ತದೆ. ಅದು ಹತ್ತಿ ಹೋಗುವವರೆಗೂ ನಾನು ಕುರ್ಚಿಯಿಂದ ಏಳುವುದಿಲ್ಲ.

ನೀವೂ ಇಂದು ಒಂದು ಮಣ್ಣಿನ ತಾಟು ಹುಡುಕಿಡಿ. ನಾಳೆ ಬೆಳಿಗ್ಗೆ ನೀರು ಹಾಕಿ.