ಉಪ್ಪಿನ ಶಾಖದಿಂದ ಐಸ್‌ವರೆಗೆ

ಬಾಡೂಟ ಮುಗಿಸಿ ಮಲಗಿದ ಕೆಲವರಿಗೆ ನಡುರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ತಗುಲಿದರೂ ಜೀವ ಹೋದಂತಾಗುತ್ತದೆ. ಆಗ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಮನೆಗಳಲ್ಲಿ ಮೊದಲು ನೆನಪಾಗುವುದು ಶಾಖ. ಹರಳೆಣ್ಣೆ ಸವರಿ, ಹುರಿದ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಒತ್ತುವುದು ವಾಡಿಕೆ. ಗದ್ದೆ ಕೆಲಸದ ಮೈಕೈ ನೋವಿಗೆ ಹಿತವೆನಿಸುವ ಈ ಉಪಚಾರ, ಹೀಗೆ ಊದುವ ಗೌಟ್ ಎಂಬ ಕೀಲುರೋಗದ ಉರಿಗೆ ಒಗ್ಗದು. ಅದಕ್ಕೆ ಬೇಕಾದ್ದು ತಂಪು.

ತಂಪಿನ ವಿಚಾರ ಹೊಸದೇನಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 29ನೇ ಅಧ್ಯಾಯ ಗೌಟನ್ನು ಹೋಲುವ ವಾತರಕ್ತದ ಬಗ್ಗೆ ಹೇಳುತ್ತದೆ. ರಕ್ತ, ಪಿತ್ತ ಕೆರಳಿದ್ದರೆ ತಣ್ಣನೆಯ ಲೇಪ; ವಾತ, ಕಫ ಹೆಚ್ಚಿದ್ದರೆ ಉಗುರುಬೆಚ್ಚಗಿನದು ಎಂದು ಅದು ಆಗಲೇ ಬೇರ್ಪಡಿಸಿತ್ತು. ರಕ್ತಪರಿಚಲನೆಯನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಗೌಟ್ ಬಂದಾಗ ಕಾಲನ್ನು ಮರಗಟ್ಟುವವರೆಗೆ ತಣ್ಣೀರಲ್ಲಿ ಇಳಿಬಿಡುತ್ತಿದ್ದನೆಂದು ಲೇಖಕ ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ನಮ್ಮ ಹಳ್ಳಿಗಳಲ್ಲಿ ಶಾಖವೇ ಉಳಿಯಿತು, ಬಹುಶಃ ಒಲೆ ಎಲ್ಲರ ಮನೆಯಲ್ಲೂ ಇದ್ದುದರಿಂದ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಉತ್ಪಾದನೆ ಶುರುವಾದರೂ, ಹಳ್ಳಿ ಮನೆಗೆ ಫ್ರಿಜ್ ಬಂದದ್ದು ಈಚೆಗೆ.

ರೋಗದ ಮೂಲ ಗೊತ್ತಾಗಲು ಕಾಲ ಹಿಡಿಯಿತು. 1848ರಲ್ಲಿ ವೈದ್ಯ ಆಲ್ಫ್ರೆಡ್ ಗ್ಯಾರಡ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಿರುವುದನ್ನು ತೋರಿಸಿದ. 1961ರಲ್ಲಿ ವೈದ್ಯರಾದ ಮೆಕಾರ್ಟಿ, ಹೊಲ್ಯಾಂಡರ್ ಕೀಲಿನ ನೀರಿನಲ್ಲಿ ಅದೇ ಆಸಿಡ್‌ನಿಂದಾದ ಸೂಜಿಯಂಥ ಯೂರೇಟ್ ಹರಳುಗಳನ್ನು ಗುರುತಿಸಿದರು. ತಣ್ಣಗಿರುವ ಕಡೆ ಯೂರೇಟ್ ಬೇಗ ಹರಳುಗಟ್ಟುತ್ತದೆ. ಪಾದಕ್ಕೇ ಏಟು ಬೀಳಲು ಇದೂ ಒಂದು ಕಾರಣ. ಹಾಗಿದ್ದೂ ಉರಿಯೂತ ಎದ್ದ ಮೇಲೆ ನೆಮ್ಮದಿ ಕೊಡುವುದು ತಂಪೇ. ಅದು ರಕ್ತನಾಳವನ್ನು ಕುಗ್ಗಿಸಿ ಊತ ತಗ್ಗಿಸುತ್ತದೆ, ನರವನ್ನು ಮಂದಗೊಳಿಸಿ ನೋವು ಇಳಿಸುತ್ತದೆ.

2002ರಲ್ಲಿ ವೈದ್ಯೆ ನವೋಮಿ ಶ್ಲೆಸಿಂಗರ್ ತಂಡ 19 ರೋಗಿಗಳಿಗೆ ಒಂದೇ ಬಗೆಯ ಮಾತ್ರೆ ಕೊಟ್ಟು, ಕೆಲವರಿಗೆ ಮಾತ್ರ ಐಸ್ ಇಡಿಸಿತು. ಐಸ್ ಇಟ್ಟವರ ನೋವು ಹೆಚ್ಚು ಇಳಿಯಿತು. ಅಧ್ಯಯನ ಚಿಕ್ಕದು. ಆದರೂ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಔಷಧದ ಜೊತೆಗೆ ಐಸ್ ಇಡುವುದನ್ನೂ ಷರತ್ತಿನ ಮೇಲೆ ಶಿಫಾರಸು ಮಾಡಿತು.

ಐಸ್ ತುಂಡುಗಳನ್ನು ಟವೆಲ್‌ನಲ್ಲಿ ಸುತ್ತಿ 15–20 ನಿಮಿಷ ಇಟ್ಟು ತೆಗೆಯಿರಿ, ಬರಿ ಚರ್ಮಕ್ಕೆ ತಾಗಿಸಬೇಡಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿದವರು ವೈದ್ಯರನ್ನು ಕೇಳದೆ ಇಡಬಾರದು. ಕೀಲೂತದ ಜೊತೆ ಜ್ವರವಿದ್ದರೆ ಆಸ್ಪತ್ರೆಗೇ ಹೋಗಿ. ಐಸ್ ನೋವನ್ನು ತಗ್ಗಿಸೀತು, ಯೂರಿಕ್ ಆಸಿಡ್ಡನ್ನಲ್ಲ. ಅದನ್ನು ಇಳಿಸಲು ವೈದ್ಯರು ಬರೆದ ಮಾತ್ರೆ ಬೇಕು. ಬೋಟಿ, ಈಲಿ, ಬಿಯರ್, ಸಿಹಿ ಪಾನೀಯಕ್ಕೂ ಕಡಿವಾಣ ಬೀಳಬೇಕು.